ಅಂಪ್ ಇಪ್ಪತ್ತು ನಿಮಿಷಕ್ಕೇ ನಿಂತುಹೋಗುತ್ತದೆ, ಸಬ್‌ನಿಂದ ಸುಟ್ಟ ವಾಸನೆ. ಯಾವುದನ್ನು ಬದಲಿಸಲಿ?

ಅಡಿಕೆ ಗಾಡಿ, ದಾವಣಗೆರೆ:

ನಮಸ್ಕಾರ. ನನ್ನದು 2014ರ ಸ್ವಿಫ್ಟ್. ಅಡಿಕೆ ವ್ಯಾಪಾರ ನಮ್ಮದು. ವಾರಕ್ಕೆ ಎರಡು ಸಲ ಭೀಮಸಮುದ್ರ, ಒಂದು ಸಲ ಚನ್ನಗಿರಿ. ದಿನಕ್ಕೆ ಮೂರ್ನಾಲ್ಕು ಗಂಟೆ ಗಾಡಿಯಲ್ಲೇ ಇರುತ್ತೇನೆ. ಹಾಡಿಲ್ಲದಿದ್ದರೆ ನನಗೆ ದಾರಿ ಸಾಗುವುದಿಲ್ಲ. ಬಹಳ ವರ್ಷದ ಆಸೆ ಇತ್ತು, ಈ ಯುಗಾದಿಗೆ ಡಿಕ್ಕಿಯಲ್ಲಿ ಸಬ್‌ವೂಫರ್ (ಬೇಸ್ ದನಿಗೆ ಅಂತಲೇ ಇರುವ ದೊಡ್ಡ ಸ್ಪೀಕರ್, ಸಬ್ ಅನ್ನುತ್ತಾರೆ), ಅದಕ್ಕೆ ಬಲ ಕೊಡುವ ಅಂಪ್ (ಆಂಪ್ಲಿಫೈಯರ್) ಹಾಕಿಸಿದೆ.

ಸಬ್ 12 ಇಂಚಿನದು, ಪೆಟ್ಟಿಗೆ ಸಮೇತ. ಹೊರಗಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 1400 ವ್ಯಾಟ್ ಅಂತಿತ್ತು. ಒಳಗಿನ ಚೀಟಿಯಲ್ಲಿ ಸಣ್ಣದಾಗಿ ಆರ್‌ಎಂಎಸ್ 300, ಡ್ಯುಯಲ್ 4 ಓಮ್ ಅಂತಿದೆ. ಅಂಪ್ ನಾಲ್ಕು ಚಾನೆಲ್‌ನದು, ಅದರ ಮೇಲೆ 1200 ವ್ಯಾಟ್ ಅಂತ ಬರೆದಿದೆ. ಎರಡು ಚಾನೆಲ್ ಸೇರಿಸಿ ಸಬ್‌ಗೆ ಕೊಟ್ಟಿದ್ದಾರೆ. ಉಳಿದ ಎರಡು ಮುಂದಿನ ಬಾಗಿಲಿನ ಸ್ಪೀಕರ್‌ಗಳಿಗೆ.

ದಾವಣಗೆರೆ ಬಿಟ್ಟು ಹೆಬ್ಬಾಳು ಟೋಲ್ ದಾಟಿ ಭರಮಸಾಗರ ಬರುವಷ್ಟರಲ್ಲಿ ಬೇಸ್ ಬಂದ್. ಅಂಪ್ ಮೇಲೆ ಕೆಂಪು ಲೈಟ್ ಉರಿಯುತ್ತದೆ. ಅಂಪ್ ಮೇಲೆ ಕೈ ಇಟ್ಟರೆ ಇಡೋಕಾಗಲ್ಲ, ಅಷ್ಟು ಬಿಸಿ. ಹತ್ತು ನಿಮಿಷ ಬಿಟ್ಟರೆ ಮತ್ತೆ ಶುರುವಾಗುತ್ತದೆ. ಹೋದ ವಾರ ಡಿಕ್ಕಿ ತೆಗೆದಾಗ ಸುಟ್ಟ ವಾಸನೆ ಬಂತು, ಹೆದರಿಕೆ ಆಯಿತು. ಅವತ್ತಿಂದ ಬೇಸ್ ಆಫ್ ಮಾಡಿಕೊಂಡೇ ಓಡಾಡುತ್ತಿದ್ದೇನೆ.

ಹಾಕಿಕೊಟ್ಟ ಅಂಗಡಿಯವರನ್ನು ಕೇಳಿದರೆ, "ಸಬ್ 1400, ಅಂಪ್ 1200, ಅಂಪ್ ಸಣ್ಣದಾಯಿತು, 2000 ವ್ಯಾಟ್‌ನದು ಹಾಕಿಸಿ" ಅನ್ನುತ್ತಾರೆ. ಅದಕ್ಕೆ ಇನ್ನೂ ಹದಿನಾಲ್ಕು ಸಾವಿರ. ಸ್ನೇಹಿತನೊಬ್ಬ ಸಬ್ಬೇ ಡೂಪ್ಲಿಕೇಟ್ ಅನ್ನುತ್ತಾನೆ. ಇನ್ನೊಂದು ವಿಷಯ ಇದೆ. ನಮ್ಮಪ್ಪ ಊರಿನ ಭಜನೆ ಮೇಳದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ಪಕ್ಕದಲ್ಲಿ ಕೂತಾಗೆಲ್ಲ, "ಹಾಡಿನ ಮಾತೇ ಕೇಳಲ್ಲಪ್ಪಾ, ಬಿಂದಿಗೆಯೊಳಗೆ ತಲೆ ಇಟ್ಟು ಹಾಡಿದಂಗಿದೆ" ಅನ್ನುತ್ತಾರೆ. ಅವರ ಕಿವಿ ಮೇಲೆ ನನಗೆ ನಂಬಿಕೆ ಇದೆ.

ಯಾವುದನ್ನು ಬದಲಿಸಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಹದಡಿ ರಸ್ತೆ, ದಾವಣಗೆರೆ:

ಬ್ರದರ್, ನಾಲ್ಕು ಚಾನೆಲ್ ಅಂಪ್ ಸಬ್‌ಗೆ ಆಗಿಬರಲ್ಲ. ಮೊನೊಬ್ಲಾಕ್, ಅಂದರೆ ಸಬ್‌ಗೆ ಹಾಕುವ ಒಂದೇ ಚಾನೆಲ್‌ನ ಅಂಪ್, ತಗೊಳ್ಳಿ. ಅಂಪ್ ಯಾವಾಗಲೂ ಸಬ್‌ಗಿಂತ ದೊಡ್ಡದಿರಬೇಕು. ಪವರ್ ಕಡಿಮೆ ಆದರೇ ಸಬ್ ಸುಡೋದು. ನಾನು ಮೊನೊ ಹಾಕಿಸಿ ಎರಡು ವರ್ಷ ಆಯಿತು, ಒಂದು ದಿನವೂ ತೊಂದರೆ ಕೊಟ್ಟಿಲ್ಲ.

ದುರ್ಗದ ವೈರಿಂಗ್, ಚಿತ್ರದುರ್ಗ:

ಅಡಿಕೆ ಗಾಡಿಯವರೇ, ಒಂದು ರೂಪಾಯಿಯೂ ಖರ್ಚು ಮಾಡಬೇಡಿ ಈಗಲೇ. ನಾನು ಇಪ್ಪತ್ತೆರಡು ವರ್ಷದಿಂದ ದುರ್ಗದಲ್ಲಿ ಗಾಡಿ ವೈರಿಂಗ್ ಮಾಡುತ್ತಿದ್ದೇನೆ. ನೀವು ಬರೆದಿದ್ದರಲ್ಲೇ ಅರ್ಧ ಉತ್ತರ ಇದೆ.

ಮೊದಲು ಆ 1400, 1200 ಎರಡನ್ನೂ ಮರೆತುಬಿಡಿ. ಅವು ಡಬ್ಬದ ಮೇಲಿನ ಲೆಕ್ಕ. ಒಂದು ಕ್ಷಣಕ್ಕೆ ತಡೆದುಕೊಳ್ಳುವುದನ್ನೋ, ಇನ್ನು ಯಾವುದನ್ನೋ ಬರೆದಿರುತ್ತಾರೆ. ನಿಮಗೆ ಬೇಕಾದ್ದು ಆರ್‌ಎಂಎಸ್. ಬಿಡದೆ ಗಂಟೆಗಟ್ಟಲೆ ಎಷ್ಟು ಕೊಡುತ್ತದೆ, ಎಷ್ಟು ತಡೆಯುತ್ತದೆ ಅನ್ನೋ ಅಂಕಿ ಅದು. ಸಬ್‌ನದು 300 ಅಂತ ಚೀಟಿಯಲ್ಲಿದೆ, ಸರಿ. ಅಂಪ್‌ನದು? ಪುಸ್ತಕದಲ್ಲಿ ನೋಡಿ. ಕೆಲವು ಕಂಪನಿಯವರು ಸಿಇಎ-2006 ಅಂತ ಹಾಕಿರುತ್ತಾರೆ. ಅದು ವರ್ಷ ಅಲ್ಲ, ಅಳತೆಯ ನಿಯಮದ ನಂಬರ್. 14.4 ವೋಲ್ಟ್ ಕೊಟ್ಟು, 4 ಓಮ್ ಲೋಡ್ ಹಾಕಿ, ಶೇಕಡಾ 1ಕ್ಕಿಂತ ಜಾಸ್ತಿ ದನಿ ಕೆಡದಂತೆ ಅಳೆದದ್ದು ಅಂತ ಅರ್ಥ. ಆ ಗುರುತಿದ್ದರೆ ಆರ್‌ಎಂಎಸ್ ಅಂಕಿಯನ್ನು ನಂಬಬಹುದು.

ನನಗೆ ನಿಜವಾದ ಅನುಮಾನ ಓಮ್ ಮೇಲೆ. ಓಮ್ ಅಂದರೆ ಕರೆಂಟಿಗೆ ಇರುವ ತಡೆ, ಅದು ಕಡಿಮೆಯಾದಷ್ಟೂ ಕರೆಂಟ್ ಜಾಸ್ತಿ ಹರಿಯುತ್ತದೆ. ನಿಮ್ಮ ಸಬ್‌ನಲ್ಲಿ ಎರಡು ಕಾಯಿಲ್ (ಸಬ್‌ನ ಮುಖವನ್ನು ಅಲುಗಿಸುವ ತಂತಿ ಸುರುಳಿ) ಇದೆ, ಒಂದೊಂದೂ 4 ಓಮ್. ಎರಡನ್ನೂ ಪ್ಯಾರಲಲ್, ಅಂದರೆ ಪ್ಲಸ್‌ಗೆ ಪ್ಲಸ್ ಮೈನಸ್‌ಗೆ ಮೈನಸ್ ಸೇರಿಸಿ, ಮಾಡಿದರೆ 2 ಓಮ್ ಆಗುತ್ತದೆ. ಸೀರೀಸ್, ಅಂದರೆ ಒಂದರ ಹಿಂದೆ ಒಂದು, ಮಾಡಿದರೆ 8. ಈ ಸಬ್ ಒಂದರಿಂದಲೇ 4 ಓಮ್ ತರುವ ದಾರಿಯೇ ಇಲ್ಲ, ಒಂದು ಕಾಯಿಲ್ ಖಾಲಿ ಬಿಟ್ಟರೆ ಮಾತ್ರ. ಹಾಗೆ ಬಿಡಲೂ ಬಾರದು.

ಈಗ ಅಂಪ್ ಕಡೆ ನೋಡಿ. ಎರಡು ಚಾನೆಲ್ ಸೇರಿಸಿದಾಗ, ಅಂದರೆ ಬ್ರಿಡ್ಜ್ ಮಾಡಿದಾಗ, ಒಂದು ಚಾನೆಲ್ ತಳ್ಳುತ್ತದೆ, ಇನ್ನೊಂದು ಎಳೆಯುತ್ತದೆ. ಬಾವಿಯ ಹಗ್ಗಕ್ಕೆ ಎರಡು ಕಡೆ ಇಬ್ಬರು ನಿಂತಂತೆ. ಹಾಗಾಗಿ ಪ್ರತಿ ಚಾನೆಲ್‌ಗೂ ಲೋಡ್‌ನ ಓಮ್ ಅರ್ಧದಷ್ಟೇ ಕಾಣುತ್ತದೆ. 4 ಓಮ್ ಹಾಕಿದರೆ ತಲಾ 2. 2 ಓಮ್ ಹಾಕಿದರೆ ತಲಾ 1. ಸಾಮಾನ್ಯ ನಾಲ್ಕು ಚಾನೆಲ್ ಅಂಪ್ 1 ಓಮ್‌ಗೆ ಮಾಡಿದ್ದಲ್ಲ. ಕರೆಂಟ್ ಮಿತಿ ಮೀರುತ್ತದೆ, ಬಿಸಿಯಾಗುತ್ತದೆ, ಕೆಂಪು ಲೈಟ್ ಹಾಕಿಕೊಂಡು ತನ್ನನ್ನು ತಾನು ಉಳಿಸಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ಏಪ್ರಿಲ್ ಬಿಸಿಲಿಗೆ ಡಿಕ್ಕಿ ಒಲೆಯಾಗಿರುತ್ತದೆ ಬೇರೆ. ಭರಮಸಾಗರದವರೆಗೆ ಬಂದದ್ದೇ ಜಾಸ್ತಿ.

ಈ ಮಾತನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮದುವೆ ದಿಬ್ಬಣದ ಟೆಂಪೊ ಒಂದಕ್ಕೆ ನಾನೇ ಹೀಗೆ ಕಟ್ಟಿಕೊಟ್ಟೆ. ಮೂರನೇ ದಿನ ಅಂಪ್ ಹೊಗೆ ಬಿಟ್ಟಿತು. ಆ ಅಂಪ್ ದುಡ್ಡನ್ನು ಮೂರು ತಿಂಗಳು ನನ್ನ ಸಂಬಳದಲ್ಲಿ ಕೊಟ್ಟೆ. ಅವತ್ತಿಂದ ಓಮ್ ಅಳೆಯದೆ ಯಾವ ಗಾಡಿಗೂ ವೈರ್ ಮುಟ್ಟಿಸಿಲ್ಲ.

ಒಂದು ಸಾಧಾರಣ ಮಲ್ಟಿಮೀಟರ್ ತಗೊಳ್ಳಿ. ಗಾಡಿ ಆಫ್ ಮಾಡಿ, ಸಬ್‌ನ ವೈರ್‌ಗಳನ್ನು ಅಂಪ್ ಕಡೆಯಿಂದ ಬಿಚ್ಚಿ, ಆ ಎರಡು ತುದಿಗೆ ಮೀಟರ್ ಓಮ್‌ನಲ್ಲಿ ಹಿಡಿಯಿರಿ. ಆಮೇಲೆ ಕಾಯಿಲ್ ಕಾಯಿಲ್ ಬೇರೆ ಮಾಡಿ ಒಂದೊಂದನ್ನೂ ಅಳೆಯಿರಿ. 4 ಓಮ್ ಕಾಯಿಲ್ ಮೀಟರ್‌ನಲ್ಲಿ 3.2ರಿಂದ 3.7ರವರೆಗೆ ತೋರಿಸುತ್ತದೆ, ಅದು ಸರಿಯೇ. ತುಂಬಾ ಕಡಿಮೆ ತೋರಿಸಿದರೆ ಅಥವಾ ಏನೂ ತೋರಿಸದಿದ್ದರೆ ಕಾಯಿಲ್ ಹೋಗಿದೆ. ಕೋನ್ ಮೇಲೆ, ಅಂದರೆ ಸಬ್‌ನ ಅಲುಗುವ ಮುಖದ ಮೇಲೆ, ಎರಡು ಕೈಯ ಬೆರಳುಗಳನ್ನು ಸುತ್ತ ಸಮವಾಗಿ ಇಟ್ಟು ಮೆಲ್ಲಗೆ ಒತ್ತಿ ಬಿಡಿ. ಕರಕರ ಅಂತ ಉಜ್ಜಿದ ಸದ್ದು ಬಂದರೆ ಬಿಸಿಗೆ ಕಾಯಿಲ್ ಸೊಟ್ಟಗಾಗಿದೆ ಅಂತ.

ಇಂಜಿನ್ ಚಾಲೂ ಇಟ್ಟು, ಹಾಡು ಹಾಕಿ, ಬ್ಯಾಟರಿ ಮೇಲೆ ಎಷ್ಟು ವೋಲ್ಟ್, ಅಂಪ್ ಟರ್ಮಿನಲ್ ಮೇಲೆ ಎಷ್ಟು ವೋಲ್ಟ್ ನೋಡಿ. ಬ್ಯಾಟರಿ ಹತ್ತಿರ ಫ್ಯೂಸ್ ಇದೆಯಾ ನೋಡಿ. ಅಂಪ್ ಮೇಲಿನ ಗುಂಡಿಗಳು ಯಾವ ಕಡೆ ತಿರುಗಿವೆ ಅಂತ ಒಂದು ಫೋಟೊ ತೆಗೆದಿಟ್ಟುಕೊಂಡು, ಇಲ್ಲಿ ಬರೆಯಿರಿ.

ಅಡಿಕೆ ಗಾಡಿ, ದಾವಣಗೆರೆ:

ಅಣ್ಣಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಭಾನುವಾರ ಬೆಳಿಗ್ಗೆ ಪೂರ್ತಿ ಇದೇ ಕೆಲಸ ಮಾಡಿದೆ. ಅಶೋಕ ರಸ್ತೆಯಲ್ಲಿ ಮಲ್ಟಿಮೀಟರ್ ತಂದೆ.

ಅಂಪ್ ಕಡೆಯಿಂದ ಅಳೆದರೆ 1.8. ಕಾಯಿಲ್ ಬೇರೆ ಬೇರೆ ಮಾಡಿದರೆ ಎರಡೂ 3.5. ಕೋನ್ ಒತ್ತಿದೆ, ಉಜ್ಜುವ ಸದ್ದಿಲ್ಲ. ಸಬ್ ಉಳಿದಿದೆ ಅಲ್ವಾ?

ಪುಸ್ತಕದಲ್ಲಿ ಹೀಗಿದೆ: 4 ಓಮ್‌ಗೆ ತಲಾ 60 ವ್ಯಾಟ್, 2 ಓಮ್‌ಗೆ ತಲಾ 90, ಬ್ರಿಡ್ಜ್ ಮಾಡಿದರೆ 4 ಓಮ್‌ಗೆ 180. ಬ್ರಿಡ್ಜ್‌ನಲ್ಲಿ 4 ಓಮ್‌ಗಿಂತ ಕಡಿಮೆ ಹಾಕಬೇಡಿ ಅಂತ ಪಕ್ಕದಲ್ಲೇ ಬರೆದಿದೆ! ಕ್ಲಾಸ್ ಎಬಿ ಅಂತಿದೆ.

ಬ್ಯಾಟರಿ ಮೇಲೆ 14.1 ವೋಲ್ಟ್. ಅಂಪ್ ಮೇಲೆ ಡೊಳ್ಳಿನ ಪೆಟ್ಟು ಬಿದ್ದಾಗೆಲ್ಲ 11.6ಕ್ಕೆ ಇಳಿಯುತ್ತದೆ. ಬ್ಯಾಟರಿ ಹತ್ತಿರ ಫ್ಯೂಸ್ ಇಲ್ಲ. ವೈರ್ ನೇರ ಟರ್ಮಿನಲ್‌ಗೇ ಸೇರಿದೆ. ವೈರ್ ಹೊರಗಿನಿಂದ ದಪ್ಪ ಕಾಣುತ್ತದೆ, ತುದಿ ಕತ್ತರಿಸಿ ನೋಡಿದರೆ ಒಳಗೆ ಸಣ್ಣ ಎಳೆ. ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಅರ್ಥ್ ವೈರನ್ನು ಸೀಟಿನ ಬೋಲ್ಟಿಗೆ ಪೇಂಟ್ ಮೇಲೇ ಬಿಗಿದಿದ್ದಾರೆ.

ಗುಂಡಿಗಳು: ಗೇನ್ ಪೂರ್ತಿ. ಬೇಸ್ ಬೂಸ್ಟ್ ಪೂರ್ತಿ, 12 ಡಿಬಿ (ಡೆಸಿಬೆಲ್) ಅಂತಿದೆ. ಎಲ್‌ಪಿಎಫ್ (ತಗ್ಗಿನ ದನಿಯನ್ನು ಮಾತ್ರ ಬಿಡುವ ಫಿಲ್ಟರ್) 250ರಲ್ಲಿದೆ. ಅಂಪನ್ನು ಸಬ್ ಪೆಟ್ಟಿಗೆಯ ಬೆನ್ನಿಗೇ ಸ್ಕ್ರೂ ಹಾಕಿ ಕೂರಿಸಿದ್ದಾರೆ.

ದುರ್ಗದ ವೈರಿಂಗ್, ಚಿತ್ರದುರ್ಗ:

ತಮ್ಮಾ, ಮೊದಲು ಫ್ಯೂಸ್. ಉಳಿದಿದ್ದೆಲ್ಲ ಆಮೇಲೆ. ಇವತ್ತೇ ಆ ವೈರನ್ನು ಬ್ಯಾಟರಿಯಿಂದ ಬಿಚ್ಚಿಡಿ. ಫ್ಯೂಸ್ ಹಾಕುವವರೆಗೆ ಮತ್ತೆ ಮುಟ್ಟಿಸಬೇಡಿ.

ಬಹಳ ಜನ ಅಂಪ್‌ನಲ್ಲೇ ಫ್ಯೂಸ್ ಇದೆಯಲ್ಲ ಅನ್ನುತ್ತಾರೆ. ಅದು ಅಂಪ್‌ಗೆ. ಬ್ಯಾಟರಿ ಹತ್ತಿರದ್ದು ವೈರಿಗೆ. ಇಂಜಿನ್ ಕಡೆಯಿಂದ ಒಳಗೆ ಬರುವ ತಗಡಿನ ತೂತಿನಲ್ಲಿ ವೈರ್ ಅಲುಗಾಡಿ ಅಲುಗಾಡಿ ಸಿಪ್ಪೆ ಸವೆಯುತ್ತದೆ. ಒಂದು ದಿನ ತಾಮ್ರ ತಗಡಿಗೆ ತಾಗುತ್ತದೆ. ಬ್ಯಾಟರಿಯಲ್ಲಿರುವ ಕರೆಂಟ್ ಅಷ್ಟೂ ಅಲ್ಲೇ ಹರಿಯುತ್ತದೆ, ವೈರ್ ಕೆಂಡವಾಗುತ್ತದೆ. ಹೊಳಲ್ಕೆರೆ ರಸ್ತೆಯಲ್ಲಿ ನನ್ನ ಕಣ್ಣೆದುರೇ ಒಂದು ಗಾಡಿ ಡ್ಯಾಶ್‌ಬೋರ್ಡ್ ಒಳಗಿಂದ ಹೊಗೆ ಬಿಟ್ಟಿತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಸ್ಪಾನರ್ ಕೈಯಲ್ಲೇ ಇತ್ತು, ಓಡಿಹೋಗಿ ಟರ್ಮಿನಲ್ ಕಿತ್ತೆ. ಒಂದೂವರೆ ಅಡಿಯೊಳಗೆ ಫ್ಯೂಸ್ ಇರಬೇಕು, ತೂತಿನಲ್ಲಿ ರಬ್ಬರ್ ಗ್ರೊಮೆಟ್ (ವೈರ್ ಸವೆಯದಂತೆ ಕೂರಿಸುವ ಬಳೆ) ಇರಬೇಕು. ಇದರಲ್ಲಿ ರಾಜಿ ಇಲ್ಲ.

ಈಗ ವೈರ್. ಬೆಳ್ಳಗೆ ಕಂಡಿದ್ದು ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ತಾಮ್ರದಷ್ಟು ಕರೆಂಟ್ ಅದರಲ್ಲಿ ಹರಿಯುವುದಿಲ್ಲ. 14.1 ಇದ್ದದ್ದು 11.6 ಆದರೆ ಎರಡೂವರೆ ವೋಲ್ಟ್ ದಾರಿಯಲ್ಲೇ ಬಿಸಿಯಾಗಿ ಹೋಯಿತು. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಸಿಗುತ್ತದೆ, ಐದು ಮೀಟರ್ ತಗೊಳ್ಳಿ. ಅದರಲ್ಲಿ 40 ಆಂಪಿಯರ್ ಹೋದರೂ ಐದು ಮೀಟರಿಗೆ 0.14 ವೋಲ್ಟ್ ಅಷ್ಟೇ ಇಳಿಯುವುದು. ಕಾರ್ ಆಡಿಯೊದವರು 4 ಗೇಜ್ ಅನ್ನುತ್ತಾರಲ್ಲ, ಅದಕ್ಕಿಂತ ಒಂದು ಕೈ ಮೇಲೇ ಇದೆ. ಆದರೆ ತಾಮ್ರದ್ದೇ ಅಂತ ಕೆರೆದು ನೋಡಿ ತಗೊಳ್ಳಿ. ಅರ್ಥ್‌ಗೂ ಅದೇ ದಪ್ಪ, ಎರಡಡಿ ಮೀರಬಾರದು. ಬಾಡಿಯ ಗಟ್ಟಿ ಜಾಗದಲ್ಲಿ ಎಮರಿ ಪೇಪರ್‌ನಿಂದ ಪೇಂಟ್ ಉಜ್ಜಿ, ತಗಡು ಹೊಳೆಯುವಂತೆ ಮಾಡಿ, ಲಗ್ ಹಾಕಿ ಬಿಗಿಯಿರಿ. ಆಮೇಲೆ ಮೇಲೆ ಸ್ವಲ್ಪ ಗ್ರೀಸ್ ಸವರಿ, ತುಕ್ಕು ಹಿಡಿಯಲ್ಲ. ಸೀಟ್ ಬೋಲ್ಟಿಗೆ ಬೇಡ.

ಕರೆಂಟ್ ಲೆಕ್ಕ ಹೇಳುತ್ತೇನೆ. ಸಬ್‌ಗೆ 120, ಬಾಗಿಲಿಗೆ ತಲಾ 60, ಒಟ್ಟು 240 ವ್ಯಾಟ್ ಅಂದುಕೊಳ್ಳಿ. 120 ಯಾಕೆ ಅಂತ ಕೆಳಗೆ ಹೇಳುತ್ತೇನೆ. ಕ್ಲಾಸ್ ಎಬಿ ಅಂಪ್ ತಗೊಂಡಿದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಸ್ಪೀಕರ್‌ಗೆ ಕೊಡುತ್ತದೆ, ಉಳಿದಿದ್ದು ಬಿಸಿ. ಹಾಗಾಗಿ 430, 440 ವ್ಯಾಟ್ ಎಳೆಯುತ್ತದೆ. 13.8 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 32 ಆಂಪಿಯರ್. ಹಾಡು ಅಂದರೆ ಯಾವಾಗಲೂ ಪೂರ್ತಿ ಪವರ್ ಅಲ್ಲ, ಆದರೂ ವೈರನ್ನು ಇದಕ್ಕೇ ಹಾಕಬೇಕು. 50 ಆಂಪಿಯರ್ ಫ್ಯೂಸ್ ಸಾಕು.

ಇನ್ನು ಸಬ್. ಎರಡು ಕಾಯಿಲ್ ಸೀರೀಸ್ ಮಾಡಿ. ಅಂಪ್‌ನ ಪ್ಲಸ್ ಮೊದಲ ಕಾಯಿಲ್‌ನ ಪ್ಲಸ್‌ಗೆ. ಮೊದಲ ಕಾಯಿಲ್‌ನ ಮೈನಸ್ ಎರಡನೆಯದರ ಪ್ಲಸ್‌ಗೆ. ಎರಡನೆಯದರ ಮೈನಸ್ ಅಂಪ್‌ನ ಮೈನಸ್‌ಗೆ. ಮೀಟರ್ ಹಿಡಿದರೆ 7 ಬರಬೇಕು. ಆಮೇಲೆ ಒಂದು ಪೆನ್ ಸೆಲ್ಲನ್ನು ಆ ಎರಡು ತುದಿಗೆ ಒಂದು ಕ್ಷಣ ಮುಟ್ಟಿಸಿ. ಪ್ಲಸ್‌ಗೆ ಪ್ಲಸ್ ಇದ್ದಾಗ ಕೋನ್ ಚೂರು ಹೊರಗೆ ಬರಬೇಕು. ಅಲುಗದಿದ್ದರೆ ಒಂದು ಕಾಯಿಲ್ ತಿರುಗುಮುರುಗು ಆಗಿದೆ, ಒಂದು ಎಳೆಯುವುದನ್ನು ಇನ್ನೊಂದು ತಡೆಯುತ್ತಿದೆ.

ಈಗ 8 ಓಮ್ ಬ್ರಿಡ್ಜ್‌ನಲ್ಲಿ ಪ್ರತಿ ಚಾನೆಲ್‌ಗೆ 4 ಓಮ್ ಕಾಣುತ್ತದೆ. ಪುಸ್ತಕದ ಪ್ರಕಾರ ತಲಾ 60, ಎರಡೂ ಸೇರಿ 120 ವ್ಯಾಟ್. 300ರ ಸಬ್‌ಗೆ 120 ಯಾವ ಮೂಲೆಗೆ ಅನ್ನಿಸಬಹುದು. ಒಂದು ವಾರ ಕೇಳಿ ನೋಡಿ, ಆಮೇಲೆ ಹೇಳಿ. ಸ್ವಿಫ್ಟ್ ಸಣ್ಣ ಗಾಡಿ, ಡಿಕ್ಕಿ ಒಳಗೇ ತೆರೆದುಕೊಂಡಿದೆ. ಅಷ್ಟು ಸಣ್ಣ ಜಾಗದಲ್ಲಿ ತಗ್ಗಿನ ದನಿಗೆ ಗಾಡಿಯೇ ಬಲ ಕೊಡುತ್ತದೆ.

ಸಾಲದು ಅನ್ನಿಸಿದರೆ ಆಗ ಕ್ಲಾಸ್ ಡಿ (ಬಿಸಿ ಕಡಿಮೆಯಾಗುವ ಬಗೆ) ಮೊನೊ ತಗೊಳ್ಳಿ, 2 ಓಮ್‌ಗೆ 300 ಆರ್‌ಎಂಎಸ್ ಇರುವಂಥದ್ದು. ಕಾಯಿಲ್ ಈಗಿರುವಂತೆ ಪ್ಯಾರಲಲ್ ಮಾಡಿದರೆ ಅದಕ್ಕೆ ಸರಿ ಹೊಂದುತ್ತದೆ. 2000 ವ್ಯಾಟ್ ಅಂತ ಬರೆದಿದ್ದು ನಿಮಗೆ ಬೇಡವೇ ಬೇಡ.

ಅಂಪನ್ನು ಪೆಟ್ಟಿಗೆಯಿಂದ ಬಿಚ್ಚಿ ಹಿಂದಿನ ಸೀಟಿನ ಬೆನ್ನಿಗೆ, ಒಂದು ಹಲಗೆ ಕೊಟ್ಟು ಕೂರಿಸಿ. ಪೆಟ್ಟಿಗೆ ಅದುರಿ ಅದುರಿ ಒಳಗಿನ ಸೋಲ್ಡರ್ ಬಿಡುತ್ತದೆ.

ಹದಡಿ ರಸ್ತೆ, ದಾವಣಗೆರೆ:

ಸರ್, ಒಂದು ಅನುಮಾನ. ಪವರ್ ಕಡಿಮೆ ಕೊಟ್ಟರೆ ಸಬ್ ಸುಡುತ್ತೆ ಅಂತ ಎಲ್ಲರೂ ಹೇಳುತ್ತಾರಲ್ಲ. 120 ಕೊಟ್ಟರೆ ಅವರ ಸಬ್ ಹೋಗಲ್ವಾ?

ಲ್ಯಾಬ್ ಅಕ್ಕ, ವಿದ್ಯಾನಗರ:

ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಈ ಪ್ರಶ್ನೆಯನ್ನು ಹುಡುಗರು ಪ್ರತಿ ವರ್ಷ ಕೇಳುತ್ತಾರೆ, ಅದಕ್ಕೆ ನಾನೇ ಹೇಳುತ್ತೇನೆ.

ಕಡಿಮೆ ಪವರ್‌ನಿಂದ ಯಾವ ಕಾಯಿಲ್ಲೂ ಸುಡುವುದಿಲ್ಲ. ಹಾಗಿದ್ದರೆ ಸಣ್ಣ ದನಿಯಲ್ಲಿ ಹಾಡು ಕೇಳುವವರ ಸಬ್‌ಗಳೆಲ್ಲ ಸುಡಬೇಕಿತ್ತು. ನಡೆಯುವುದು ಬೇರೆ. ಅಂಪ್ ಸಣ್ಣದು, ದನಿ ಸಾಲದು ಅಂತ ಗೇನ್ ತಿರುಗಿಸುತ್ತೀರಿ. ಅಂಪ್ ತನ್ನ ವೋಲ್ಟ್ ಮುಗಿದ ಮೇಲೆ ಇನ್ನೂ ಮೇಲೆ ಹೋಗಲಾರದು. ಅಲೆಯ ತಲೆ ಚಪ್ಪಟೆಯಾಗುತ್ತದೆ. ಆಸಿಲೋಸ್ಕೋಪ್‌ನಲ್ಲಿ ನೋಡಿದರೆ ಗುಡ್ಡದ ತುದಿಯನ್ನು ಕುಡುಗೋಲಿನಿಂದ ಕೊಯ್ದಂತೆ ಕಾಣುತ್ತದೆ. ಇದೇ ಕ್ಲಿಪ್ಪಿಂಗ್. ಪೂರ್ತಿ ಚಪ್ಪಟೆಯಾದ ಅಲೆಯಲ್ಲಿ ಅಷ್ಟೇ ಎತ್ತರದ ನುಣುಪು ಅಲೆಗಿಂತ ಎರಡರಷ್ಟು ಪವರ್ ಇರುತ್ತದೆ. 180 ವ್ಯಾಟ್‌ನ ಅಂಪ್ 360ರ ಹತ್ತಿರ ಸುರಿಯಬಹುದು, ಅದೂ ಎಡೆಬಿಡದೆ. ಕಾಯಿಲ್ ಸುಡುವುದು ಈ ಜಾಸ್ತಿ ಬಿಸಿಯಿಂದ.

ಅಡಿಕೆ ಗಾಡಿಯವರು ಬೇಸ್ ಬೂಸ್ಟ್ 12 ಡಿಬಿ ಇತ್ತು ಅಂದರಲ್ಲ, ಅದು ನನ್ನ ಎದೆ ಝಲ್ಲೆನಿಸಿತು. 3 ಡಿಬಿ ಏರಿಸಿದರೆ ಎರಡರಷ್ಟು ಪವರ್ ಬೇಕು. 12 ಅಂದರೆ ನಾಲ್ಕು ಸಲ ಎರಡರಷ್ಟು, ಹತ್ತಿರ ಹತ್ತಿರ 16 ಪಟ್ಟು. ಅಷ್ಟು ಪವರ್ ಆ ಅಂಪ್‌ನಲ್ಲಿ ಎಲ್ಲಿದೆ? ಸೊನ್ನೆಗೆ ಇಳಿಸಿಬಿಡಿ.

ಹಾಗೆಯೇ 300 ವ್ಯಾಟ್‌ನಿಂದ 120ಕ್ಕೆ ಇಳಿದರೆ ದನಿ ಅರ್ಧಕ್ಕಿಂತ ಕಡಿಮೆ ಆಗುತ್ತದೆ ಅಂತ ಅಂದುಕೊಳ್ಳಬೇಡಿ. ಇಳಿಯುವುದು 4 ಡಿಬಿ ಮಾತ್ರ. ಕಿವಿಗೆ ಅರ್ಧ ಅನ್ನಿಸಬೇಕಾದರೆ ಸುಮಾರು 10 ಡಿಬಿ ಇಳಿಯಬೇಕು, ಅಂದರೆ ಪವರ್ ಹತ್ತನೇ ಒಂದು ಭಾಗ ಆಗಬೇಕು.

ಗೇನ್ ಇಡುವ ಕ್ರಮ ಹೇಳುತ್ತೇನೆ. ಗೇನ್ ವಾಲ್ಯೂಮ್ ಗುಂಡಿ ಅಲ್ಲ, ಸ್ಟೀರಿಯೊ ಕೊಡುವ ವೋಲ್ಟ್‌ಗೂ ಅಂಪ್‌ಗೂ ಹೊಂದಿಸುವ ಗುಂಡಿ. ಬೇಕಾದ ವ್ಯಾಟ್ ಮತ್ತು ಓಮ್ ಗುಣಿಸಿ, ವರ್ಗಮೂಲ ತೆಗೆಯಿರಿ. 120 ಗುಣಿಸು 8, 960. ವರ್ಗಮೂಲ 31. ನಿಮಗೆ ಬೇಕಾದ್ದು 31 ವೋಲ್ಟ್ ಎಸಿ. ಮುಂದೆ 300 ವ್ಯಾಟ್ ಮೊನೊವನ್ನು 2 ಓಮ್‌ಗೆ ಹಾಕಿದರೆ 600ರ ವರ್ಗಮೂಲ, 24.5.

ಫೋನ್‌ನಲ್ಲಿ 50 ಹರ್ಟ್ಸ್ ಸೈನ್ ಟೋನ್ ಒಂದನ್ನು ಇಳಿಸಿಕೊಳ್ಳಿ, 0 ಡಿಬಿ ಅಂತ ಇರಬೇಕು. 50 ಯಾಕೆ ಅಂದರೆ ನಮ್ಮ ಮನೆಯ ಕರೆಂಟ್ 50 ಹರ್ಟ್ಸ್, ಕಡಿಮೆ ಬೆಲೆಯ ಮೀಟರ್ ಕೂಡ ಅದನ್ನು ಸರಿಯಾಗಿ ಅಳೆಯುತ್ತದೆ. ಸಬ್ ವೈರ್ ಬಿಚ್ಚಿ. ಸ್ಟೀರಿಯೊದ ಬೇಸ್, ಟ್ರೆಬಲ್, ಲೌಡ್‌ನೆಸ್ ಎಲ್ಲ ಸೊನ್ನೆ. ಅಂಪ್ ಗೇನ್ ಪೂರ್ತಿ ಕೆಳಗೆ. ಇಂಜಿನ್ ಚಾಲೂ ಇರಲಿ. ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗೆ ಇಡಿ. ಮೀಟರ್ ಎಸಿ ವೋಲ್ಟ್‌ನಲ್ಲಿ, ಎರಡು ಕಡ್ಡಿಯನ್ನೂ ಸಬ್ ವೈರ್ ಹೋಗುವ ಆ ಎರಡು ಟರ್ಮಿನಲ್‌ಗೇ ಹಿಡಿಯಿರಿ. ಬ್ರಿಡ್ಜ್‌ನಲ್ಲಿ ಒಂದು ಕಡ್ಡಿಯನ್ನು ಗಾಡಿ ಬಾಡಿಗೆ ಹಿಡಿಯಬಾರದು, ಎರಡು ತುದಿಯಲ್ಲೂ ಪವರ್ ಇದೆ. ಗೇನ್ ಮೆಲ್ಲಗೆ ತಿರುಗಿಸುತ್ತಾ 31 ಬಂದ ತಕ್ಷಣ ನಿಲ್ಲಿಸಿ. ಆ ಜಾಗಕ್ಕೆ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ.

ಅಪ್ಪನ ಮಾತಿಗೂ ಉತ್ತರ ಇದೆ. ಎಲ್‌ಪಿಎಫ್ 250ರಲ್ಲಿದ್ದರೆ 250 ಹರ್ಟ್ಸ್‌ವರೆಗಿನ ದನಿಯೆಲ್ಲ ಡಿಕ್ಕಿಯಿಂದ ಬರುತ್ತದೆ. ಗಂಡಸರ ದನಿಯ ಮೂಲ ಸ್ವರ ಸುಮಾರು 85ರಿಂದ 180ರೊಳಗೆ ಇರುತ್ತದೆ. ಹಾಡುವವರ ಗಂಟಲಿನ ಕೆಳಭಾಗವನ್ನು ಡಿಕ್ಕಿಯಲ್ಲಿ, ಮೇಲ್ಭಾಗವನ್ನು ಬಾಗಿಲಲ್ಲಿ ಇಟ್ಟಂತಾಯಿತು. ಅವರು ಬಿಂದಿಗೆ ಅಂದದ್ದು ಎಷ್ಟು ಸರಿಯಾಗಿದೆ ನೋಡಿ. ಸಬ್‌ಗೆ ಎಲ್‌ಪಿಎಫ್ 80ಕ್ಕೆ ಇಳಿಸಿ. ಬಾಗಿಲಿನ ಚಾನೆಲ್‌ಗೆ ಎಚ್‌ಪಿಎಫ್ (ತಗ್ಗಿನ ದನಿಯನ್ನು ತಡೆಯುವ ಫಿಲ್ಟರ್) ಇರುತ್ತದೆ, ಅದನ್ನೂ 80ಕ್ಕೆ ಇಡಿ.

ಹದಡಿ ರಸ್ತೆ, ದಾವಣಗೆರೆ:

ಮೇಡಂ, ತುಂಬಾ ಥ್ಯಾಂಕ್ಸ್. ನಾನು ಇಷ್ಟು ದಿನ ಎಲ್ಲರಿಗೂ ತಪ್ಪೇ ಹೇಳಿಕೊಂಡು ಬಂದಿದ್ದೆ. ನನ್ನದು 500 ಆರ್‌ಎಂಎಸ್ ಮೊನೊ, ಸಬ್ 350. ಅದು ತಪ್ಪಾ?

ಲ್ಯಾಬ್ ಅಕ್ಕ, ವಿದ್ಯಾನಗರ:

ತಪ್ಪಲ್ಲ. ಸಬ್‌ನ ಓಮ್‌ಗೆ ಅದು 500 ಕೊಡುತ್ತದೆ ಅಂತಿದ್ದರೂ ನೀವು 350ರ ಲೆಕ್ಕಕ್ಕೆ ಗೇನ್ ಇಟ್ಟರೆ ಆಯಿತು. ಅಂಪ್ ಸಲೀಸಾಗಿ ಕೆಲಸ ಮಾಡುತ್ತದೆ. ಆದರೆ ಆ ಗುಂಡಿಯನ್ನು ಇನ್ನೊಬ್ಬರ ಕೈಗೆ ಕೊಡಬೇಡಿ.

ಬಡಗಿ ಮನೆ, ಹರಿಹರ:

ಪೆಟ್ಟಿಗೆ ಬಗ್ಗೆ ಯಾರೂ ಕೇಳಲಿಲ್ಲ. ಅದರಲ್ಲಿ ತೂತಿನ ಪೈಪ್ ಇದೆಯಾ, ಪೂರ್ತಿ ಮುಚ್ಚಿದೆಯಾ? ನಾನು ಮರಗೆಲಸದವನು, ಇಂಥ ಪೆಟ್ಟಿಗೆ ಮಾಡಿಕೊಡುತ್ತೇನೆ. ಪೈಪ್ ಇರುವ ಪೆಟ್ಟಿಗೆ ಕಡಿಮೆ ಪವರ್‌ನಲ್ಲೂ ಜೋರಾಗಿ ಕೇಳುತ್ತದೆ. ಆದರೆ ಪೈಪ್ ಯಾವ ಸ್ವರಕ್ಕೆ ಕೂರಿಸಿದ್ದಾರೋ ಅದಕ್ಕಿಂತ ಕೆಳಗಿನ ದನಿ ಬಂದರೆ ಒಳಗಿನ ಗಾಳಿ ಕೋನನ್ನು ಹಿಡಿದುಕೊಳ್ಳುವುದಿಲ್ಲ, ಹುಚ್ಚಾಪಟ್ಟೆ ಕುಣಿಯುತ್ತದೆ. ಅಂಥದ್ದಕ್ಕೆ ಅಂಪ್‌ನಲ್ಲಿ ಅಷ್ಟು ಕೆಳಗಿನ ದನಿಯನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇರಬೇಕು. ಮುಚ್ಚಿದ ಪೆಟ್ಟಿಗೆಯಾದರೆ ಒಳಗಿನ ಗಾಳಿಯೇ ಸ್ಪ್ರಿಂಗ್ ಥರ ತಡೆಯುತ್ತದೆ, ಡೊಳ್ಳು ತಬಲಾ ಕಟ್ಟುನಿಟ್ಟಾಗಿ ಕೇಳುತ್ತದೆ. 12 ಇಂಚಿಗೆ ಒಂದು ಘನ ಅಡಿ, ಅಂದರೆ 28 ಲೀಟರ್ ಸುತ್ತಮುತ್ತ ಇದ್ದರೆ ಸಾಕು. ಸಬ್ ಬಿಚ್ಚಿದಾಗ ಒಳಗೆ ಕೈ ಹಾಕಿ ಸಂದುಗಳನ್ನು ಮುಟ್ಟಿ ನೋಡಿ, ಗಾಳಿ ಸೋರುತ್ತಿದ್ದರೆ ಫೆವಿಕಾಲ್ ತುಂಬಿ.

ಅಡಿಕೆ ಗಾಡಿ, ದಾವಣಗೆರೆ:

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಹತ್ತು ದಿನ ಆಯಿತು.

ಫ್ಯೂಸ್ ಅವತ್ತೇ ತಂದೆ. ಬ್ಯಾಟರಿಯಿಂದ ಒಂದು ಗೇಣಿನಲ್ಲಿ ಕೂರಿಸಿದೆ. ತಗಡಿನ ತೂತು ನೋಡಿದಾಗ ಕೈಕಾಲು ತಣ್ಣಗಾಯಿತು. ಗ್ರೊಮೆಟ್ ಇರಲಿಲ್ಲ. ಹಳೆ ವೈರಿನ ಸಿಪ್ಪೆ ಆಗಲೇ ಅರ್ಧ ಸವೆದಿತ್ತು. ದುರ್ಗದ ಅಣ್ಣನವರಿಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ. ಈ ಗಾಡಿಯಲ್ಲಿ ನಮ್ಮ ಮನೆಯವರೆಲ್ಲ ಕೂರುತ್ತಾರೆ.

ವೆಲ್ಡಿಂಗ್ ಕೇಬಲ್ ಸಿಕ್ಕಿತು. ಅರ್ಥ್ ವೈರನ್ನೂ ಹೊಸದಾಗಿ ಹಾಕಿದೆ. ಈಗ ಬ್ಯಾಟರಿ 14.1, ಅಂಪ್ ಮೇಲೆ ಪೆಟ್ಟು ಬಿದ್ದಾಗ 13.7. ಸೀರೀಸ್ ಮಾಡಿ ಅಳೆದೆ, 7.0 ಸರಿಯಾಗಿ ಬಂತು. ಸೆಲ್ ಮುಟ್ಟಿಸಿದರೆ ಕೋನ್ ಹೊರಗೆ ಬಂತು.

ಗೇನ್ ಇಟ್ಟಿದ್ದು ಬಹಳ ಹೊತ್ತಾಯಿತು. ನನ್ನ ಸ್ಟೀರಿಯೊದಲ್ಲಿ ವಾಲ್ಯೂಮ್ 40ರವರೆಗೆ ಇದೆ, 30ಕ್ಕೆ ಇಟ್ಟೆ. ಅಕ್ಕ ಹೇಳಿದ ಹಾಗೆ 31 ವೋಲ್ಟ್‌ಗೆ ನಿಲ್ಲಿಸಿದರೆ ಗುಂಡಿ ಅರ್ಧಕ್ಕೂ ಬಂದಿರಲಿಲ್ಲ. ಅಂಗಡಿಯವರು ಪೂರ್ತಿ ತಿರುಗಿಸಿಟ್ಟಿದ್ದರು, ಮೇಲೆ ಬೇಸ್ ಬೂಸ್ಟ್ ಬೇರೆ. ಸಬ್ ಇನ್ನೂ ಬದುಕಿರುವುದೇ ದೊಡ್ಡದು. ಪೆಟ್ಟಿಗೆ ಮುಚ್ಚಿದ್ದೇ. ಒಂದು ಮೂಲೆಯಲ್ಲಿ ಸಂದಿತ್ತು, ತುಂಬಿದೆ.

ನಿನ್ನೆ ಅಪ್ಪನನ್ನು ಕೂರಿಸಿಕೊಂಡು ಭೀಮಸಮುದ್ರಕ್ಕೆ ಹೋಗಿ ಬಂದೆ. ಮಧ್ಯಾಹ್ನದ ಬಿಸಿಲು, ಹೋಗುತ್ತಾ ಬರುತ್ತಾ ಹಾಡು ನಿಲ್ಲಲಿಲ್ಲ. ಅಂಪ್ ಬೆಚ್ಚಗಿತ್ತು, ಕೈ ಇಡುವಷ್ಟು. ಅಪ್ಪ ಭರಮಸಾಗರದವರೆಗೆ ಏನೂ ಮಾತಾಡಲಿಲ್ಲ. ಆಮೇಲೆ ತೊಡೆ ಮೇಲೆ ತಾಳ ಹಾಕುತ್ತಾ, "ಇದರಲ್ಲಿ ಎರಡನೇ ಹಾರ್ಮೋನಿಯಂ ಇತ್ತೇನೋ, ನನಗೆ ಇಷ್ಟು ದಿನ ಕೇಳಿರಲಿಲ್ಲ" ಅಂದರು. ನನಗಂತೂ 120 ವ್ಯಾಟ್ ಸಾಕು. ಮೊನೊ ಸದ್ಯಕ್ಕೆ ಬೇಡ.

ಒಂದೇ ಒಂದು ಉಳಿದಿದೆ. ಹಿಂದಿನ ನಂಬರ್ ಪ್ಲೇಟ್ ಗಡಗಡ ಅನ್ನುತ್ತದೆ. ಮೊದಲು ಗದ್ದಲದಲ್ಲಿ ಗೊತ್ತಾಗುತ್ತಿರಲಿಲ್ಲ.

ದುರ್ಗದ ವೈರಿಂಗ್, ಚಿತ್ರದುರ್ಗ:

ಓದಿ ಹೊಟ್ಟೆ ತಣ್ಣಗಾಯಿತು ತಮ್ಮಾ. ಪ್ಲೇಟ್ ಬಿಚ್ಚಿ, ಹಿಂದೆ ನಾಲ್ಕು ಮೂಲೆಗೆ ಫೋಮ್ ಟೇಪ್ ಅಂಟಿಸಿ ಬಿಗಿಯಿರಿ, ನಿಲ್ಲುತ್ತದೆ. ಅರ್ಥ್ ಬೋಲ್ಟ್ ಹೊಸದರಲ್ಲಿ ಸ್ವಲ್ಪ ಸಡಿಲ ಆಗುವುದುಂಟು. ಮುಂದಿನ ಸಲ ಭೀಮಸಮುದ್ರಕ್ಕೆ ಬಂದಾಗ ದುರ್ಗಕ್ಕೂ ಬನ್ನಿ, ಅಪ್ಪನನ್ನೂ ಕರೆದುಕೊಂಡು. ಒಮ್ಮೆ ಬಿಗಿ ಮಾಡಿ ಕಳಿಸುತ್ತೇನೆ.